ವಿಕಾರಕ್ಕೊಂದು ಚಿತ್ರ

“ಈ ಪದ ಬಿಟ್ಟುಬಿಡೋಣವೇನಮ್ಮಾ?” ಎಂದು ಪ್ರಧಾನ ಸಂಪಾದಕರು ಕೇಳಿದ್ದು ಉಪಸಂಪಾದಕಿಯನ್ನೇ, ಕಣ್ಣು ಮಾತ್ರ ಅವಳ ಹಿಂದಿನ ಗೋಡೆಯ ಮೇಲಿತ್ತು. ಶಾಲಾಮಕ್ಕಳ ಸಚಿತ್ರ ನಿಘಂಟಿನ ‘ವ’ ಅಕ್ಷರದ ಪುಟಗಳು ಮಧ್ಯಾಹ್ನ ಮುದ್ರಣಕ್ಕೆ ಹೋಗಬೇಕು. ಚಿತ್ರ ಒಪ್ಪಿಗೆಯಾಗದೆ ಉಳಿದಿದ್ದ ಒಂದೇ ಪದ ‘ವಿಕಾರ’.

ಮೂರು ವಾರದ ಕೆಳಗೆ ಒಂದು ಬೆಳಿಗ್ಗೆ ಅವಳು ಬಾಯಿ ಮುಕ್ಕಳಿಸಹೋದರೆ ನೀರು ತಾನಾಗಿಯೇ ಎಡಗಡೆಯಿಂದ ಇಳಿದುಹೋಗಿತ್ತು. ಮುಖದ ಎಡಭಾಗ ಹೇಳದೆ ಕೇಳದೆ ರಜೆ ಹಾಕಿತ್ತು. ಸರಿಹೋಗುತ್ತದೆ, ಯಾವಾಗ ಅಂತ ಕೇಳಬೇಡಿ ಎಂದಿದ್ದರು ಡಾಕ್ಟರು. ಇಂದು ಮತ್ತೆ ಕೆಲಸಕ್ಕೆ ಬಂದರೆ ಆಫೀಸಿನವರೆಲ್ಲ ಅವಳ ಭುಜದ ಜೊತೆ, ಬಳೆಯ ಜೊತೆ, ಚೀಲದ ಜೊತೆ ಮಾತಾಡುತ್ತಿದ್ದರು. ಇಪ್ಪತ್ತು ವರ್ಷ ಪದಗಳಿಗೆ ಅರ್ಥ ಬರೆದವಳಿಗೆ ಈ ನಯದ ಅರ್ಥ ತಿಳಿಯದೆ ಇರುತ್ತದೆಯೇ?

“ಯಾಕೆ ಸಾರ್ ಬಿಡ್ಬೇಕು? ನನ್ನ ಮುಖ ನೋಡಿಯಾ?”

“ಛೆ ಛೆ, ಹಾಗಲ್ಲ... ಜಾಗ ಸಾಲ್ತಿಲ್ಲ.”

“ಜಾಗ ಇದೆ ಸಾರ್. ಧೈರ್ಯ ಸಾಲ್ತಿಲ್ಲ.” ಅವಳು ಪಕ್ಕದಲ್ಲಿ ಹಾಳೆ ಹಿಡಿದು ನಿಂತಿದ್ದ ನಿಘಂಟಿನ ಚಿತ್ರಗಾರನ ಕಡೆ ಕೈಚಾಚಿದಳು. “ಕೊಡಪ್ಪಾ, ಏನು ಬರೆದಿದ್ದೀಯ ನೋಡೋಣ.”

ಚಿತ್ರಗಾರ ಅಳುಕುತ್ತಲೇ ಹಾಳೆ ಕೊಟ್ಟ. ಎರಡು ಕೊಂಬು, ಎರಡು ಕೋರೆಹಲ್ಲು, ಮಿಡಿಗಾಯಿಯಂಥ ಎರಡು ಕಣ್ಣು.

“ಇದು ರಾಕ್ಷಸ. ‘ರ’ದಲ್ಲಿ ಆಗಲೇ ಒಬ್ಬನಿದ್ದಾನೆ, ಇವನು ಅವನ ತಮ್ಮ. ಎಡಕ್ಕೂ ಬಲಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ಇಷ್ಟು ಲಕ್ಷಣವಾಗಿರೋನನ್ನ ವಿಕಾರ ಅಂದ್ರೆ ಮಕ್ಕಳು ನಂಬ್ತಾರಾ? ಆ ಪದಕ್ಕೆ ಮೊದಲು ಬದಲಾವಣೆ ಅಂತಷ್ಟೇ ಅರ್ಥ ಕಣಪ್ಪಾ. ಹೆದರಿಸೋ ಕೆಲಸ ನಾವು ಆಮೇಲೆ ಅದರ ತಲೆಗೆ ಕಟ್ಟಿದ್ದು.” ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಕೂತಳು. “ನನ್ನನ್ನ ಬರಿ.”

ಅವನು ಪ್ರಧಾನ ಸಂಪಾದಕರನ್ನು ನೋಡಿದ. ಅವರು ಮತ್ತೆ ಗೋಡೆ ನೋಡತೊಡಗಿದರು.

ಬರೆಯಬೇಕಾದರೆ ನೋಡಲೇಬೇಕು. ಮೊದಲು ಕದ್ದು ನೋಡಿದ, ಆಮೇಲೆ ಕಣ್ಣು ನೆಟ್ಟ. ಡಾಕ್ಟರ ಟಾರ್ಚು ಬಿಟ್ಟರೆ ಆ ಮುಖವನ್ನು ಇಷ್ಟು ಹೊತ್ತು ಯಾರೂ ನೋಡಿರಲಿಲ್ಲ. ಅವಳಿಗೆ ತಲೆ ತಗ್ಗಿಸಿಬಿಡೋಣ ಅನ್ನಿಸಿತು, ತಗ್ಗಿಸಲಿಲ್ಲ. “ಸ್ವಲ್ಪ ನಗಿ ಮೇಡಂ” ಎಂದ. ನಕ್ಕಳು. ನಗು ಬಲಗಡೆ ಕಿವಿಯವರೆಗೂ ಹೋಯಿತು, ಎಡಗಡೆ ಕದಲಲೇ ಇಲ್ಲ. ಅವನಿಗೆ ಕಿಸಕ್ಕನೆ ನಗು ಬಂದು ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಅವಳೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಚಿತ್ರ ಮುಗಿಯಿತು. ಚಿತ್ರಗಾರ ಅದನ್ನು ದೂರ ಹಿಡಿದು ತಲೆ ಕೆರೆದುಕೊಂಡ. “ಆಗಲ್ಲ ಮೇಡಂ. ಎಷ್ಟು ತಿದ್ದಿದ್ರೂ ವಿಕಾರ ಬರ್ತಾನೇ ಇಲ್ಲ. ಯಾರನ್ನೋ ಗೇಲಿ ಮಾಡ್ತಿರೋ ಹಾಗಿದೆ.”

“ಹಾಗಾದ್ರೆ ಕೊನೇ ಪುಟಕ್ಕೆ ಹಾಕು, ‘ವ್ಯಂಗ್ಯ’ಕ್ಕೆ.”

ಪ್ರಧಾನ ಸಂಪಾದಕರು ಚಿತ್ರ ನೋಡಿದರು. ಆಮೇಲೆ ಅವಳನ್ನೂ ನೋಡಿದರು, ನೇರವಾಗಿ. “ಮತ್ತೆ ವಿಕಾರದ ಚೌಕಕ್ಕೆ ಏನು ಹಾಕೋದಮ್ಮಾ?”

“ಖಾಲಿ ಬಿಡಿ ಸಾರ್. ಮಕ್ಕಳು ತಂತಮ್ಮ ಮೇಷ್ಟ್ರನ್ನ ಬರ್ಕೋತಾರೆ.”