ತಬಲಾ ಬರುವವರೆಗೆ

ಬಾಗಿಲು ಎಳೆದುಕೊಳ್ಳುವ ಮೊದಲು ಪ್ಲಂಬರ್ ಇನ್ನೊಂದು ಸಲ ಒದ್ದ. ಈ ಸಲದ ಒದೆ ಪಕ್ಕೆಗೆ ಬಿತ್ತು. ಹೆಂಡತಿ ಗೋಡೆಯ ಕಡೆ ಮುದುರಿಕೊಂಡಳು, ಅಷ್ಟೆ.

ಹೊಲಿಗೆ ತರಗತಿಗೆಂದು ಹೇಳಿ, ಎರಡು ತಿಂಗಳಿಂದ ಪ್ರತಿ ಶನಿವಾರ ಮಧ್ಯಾಹ್ನ ಅವಳು ಹೋಗುತ್ತಿದ್ದುದು ಯಾರದೋ ಮನೆಗೆ ಸಂಗೀತ ಕೇಳಲು. ಅದು ಅವನಿಗೆ ಇವತ್ತು, ಈ ಶನಿವಾರ, ಗೊತ್ತಾಗಿತ್ತು. ಅಲ್ಲಿ ಯಾವನಿದ್ದಾನೆ ಎಂದು ಕೇಳಿ ಕೇಳಿ ಹೊಡೆದ. ಅವಳು ಬಾಯಿ ಬಿಡಲಿಲ್ಲ. ಪೈಪ್ ಸ್ಪ್ಯಾನರ್ ಎತ್ತಿದಾಗ ಅವನ ತಾಯಿ ಅಡ್ಡ ಬಂದಿದ್ದಳು.

"ಬಿಡೋ, ಸತ್ರೂ ಅವಳು ಹೇಳಲ್ಲ. ಅವನು ಯಾರು ಅಂತ ನಂಗೊತ್ತು."

ಹೊರಗಿನಿಂದ ಬೀಗ ಹಾಕಿ ಕೀಲಿಯನ್ನು ತಾಯಿಯ ಕೈಗೆ ಕೊಟ್ಟ. "ನಾನು ಬರೋವರೆಗೂ ತೆಗೀಬೇಡ. ನೀರೂ ಕೊಡಬೇಡ."

"ನೀನು ಹೋಗು. ಇವಳನ್ನ ನಾನು ನೋಡ್ಕೋತೀನಿ." ಅವನ ಮಾತು ಕೇಳಿಸಿಕೊಳ್ಳುವಾಗ ತಾಯಿ ಬಲಗಿವಿಯನ್ನು ಮುಂದೆ ಮಾಡುತ್ತಿದ್ದಳು. ಎಡಗಿವಿ ಅವನ ಅಪ್ಪನ ಏಟಿಗೆ ಹೋಗಿ ಮೂವತ್ತು ವರ್ಷವಾಗಿತ್ತು. "ಆದ್ರೆ ನೆನಪಿಟ್ಕೋ. ಆ ಮನೇಲಿ ಮೊದಲು ಸಿತಾರ್ ಒಂದೇ ಕೇಳಿಸ್ತಾರಂತೆ. ತಬಲಾ ಶುರುವಾದ್ಮೇಲೇನೇ ಅವನು ಹಿಂದಿನ ಬಾಗಿಲಿಂದ ಬಂದು ಕೂರೋದಂತೆ. ಅಲ್ಲೀತನಕ ಬಾಯಿ ಮುಚ್ಕೊಂಡು ಕೂತಿರು. ಮಧ್ಯೆ ಎದ್ಯೋ, ಹಕ್ಕಿ ಹಾರಿಹೋಗುತ್ತೆ."

ಅವನು ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

ಕಾಲು ಗಂಟೆಯ ನಡಿಗೆ. ಸಂಗೀತದ ಮನೆಯ ಬಾಗಿಲು ಹಾರುಹೊಡೆದಿತ್ತು. ಮನೆ ನಿವೃತ್ತ ಗಡಿಯಾರ ರಿಪೇರಿಯವರದು, ಜೊತೆಗೆ ಅವರ ಹೆಂಡತಿ ಟೀಚರಮ್ಮ. ಕೇಳುವ ಕುತೂಹಲವಿದ್ದ ಯಾರು ಬಂದರೂ ಅವರಿಗೆ ಸಂತೋಷ. ಒಂದಕ್ಕೊಂದು ಹೊಂದದ ಎಂಟು ಕುರ್ಚಿಗಳಲ್ಲಿ ಹಲ್ಲಿನ ಡಾಕ್ಟರು, ಬಸ್ ಕಂಡಕ್ಟರು, ಒಬ್ಬ ನರ್ಸು, ಇನ್ನೂ ಒಂದಷ್ಟು ಜನ. ಗಡಿಯಾರದವರು ಆಗಲೇ ತಿರುಗುತ್ತಿದ್ದ ಒಂದು ರೆಕಾರ್ಡನ್ನು ನಿಲ್ಲಿಸಿ, ಲಕೋಟೆಗೆ ಸೇರಿಸಿ, ಕಪಾಟಿನಿಂದ ರೆಕಾರ್ಡುಗಳ ದಪ್ಪನೆಯ ಕಟ್ಟೊಂದನ್ನು ತೆಗೆಯುತ್ತಿದ್ದರು.

"ಬನ್ನಿ, ಬನ್ನಿ," ಎಂದರು ಟೀಚರಮ್ಮ. ತಮ್ಮ ಕುರ್ಚಿಯ ದಿಂಬನ್ನೇ ಅವನಿಗೆ ಕೊಟ್ಟರು. ಆಮೇಲೆ ಅವನ ಬೆರಳಿನ ಗೆಣ್ಣುಗಳನ್ನು ನೋಡಿದರು. ಸುಲಿದಿದ್ದವು. "ಕೈಗೆ ಏನಾಯ್ತು?"

"ಕೆಲಸದಲ್ಲಿ."

ಅವರು ಹತ್ತಿ, ಔಷಧ ತಂದು ಒಂದೊಂದೇ ಗೆಣ್ಣನ್ನು ಒರೆಸಿದರು. ನಡುನಡುವೆ ಗೋಡೆಯ ಗಡಿಯಾರ ನೋಡುತ್ತಿದ್ದರು. ಯಾರನ್ನೋ ಕಾಯುತ್ತಿದ್ದಾರೆಂದು ಅವನು ಅಂದುಕೊಂಡ.

ಸಿತಾರ್ ಶುರುವಾಯಿತು. ಒಂದು ಸ್ವರ. ಬಹಳ ಹೊತ್ತಿನ ಮೇಲೆ ಇನ್ನೊಂದು.

"ಇದು ಆಲಾಪ," ಎಂದರು ಗಡಿಯಾರದವರು ಮೆಲ್ಲಗೆ. "ರಾಗದ ಮನೇಲಿ ಒಂದೊಂದೇ ದೀಪ ಹಚ್ತಾ ಹೋಗೋದು. ಇಲ್ಲಿ ಅವಸರ ಸಲ್ಲದು."

ಅವನಿಗೆ ದೀಪ ಕಾಣಲಿಲ್ಲ. ಬರುವವನ ಮಂಡಿಚಿಪ್ಪು ಕಾಣುತ್ತಿತ್ತು. ಮೊದಲ ಏಟು ಅಲ್ಲಿಗೆ. ಬಿದ್ದ ಮೇಲೆ ಬೆರಳುಗಳಿಗೆ. ಕೊನೆಗೆ ಬಾಯಿಗೆ. ಹಲ್ಲಿನ ಡಾಕ್ಟರು ಹೇಗೂ ಇಲ್ಲೇ ಇದ್ದಾರೆ ಎಂದುಕೊಂಡು ಅವನಿಗೆ ನಗು ಬಂತು.

ಇಪ್ಪತ್ತೈದು ನಿಮಿಷಕ್ಕೆ ರೆಕಾರ್ಡ್ ಪೆಟ್ಟಿಗೆಯ ಮುಳ್ಳು ಮೇಲೆದ್ದಿತು. ಅವನು ಚೀಲಕ್ಕೆ ಕೈ ಹಾಕಿದ. ಗಡಿಯಾರದವರು ರೆಕಾರ್ಡನ್ನು ತಿರುವಿ, ಮೆತ್ತನೆಯ ಬಟ್ಟೆಯಿಂದ ನಿಧಾನವಾಗಿ ಒರೆಸಿ, ಮತ್ತೆ ಇಟ್ಟರು. ಮತ್ತೆ ಸಿತಾರ್.

"ತಬಲಾ ಯಾವಾಗ ಬರುತ್ತೆ?" ಅವನು ತಡೆಯಲಾರದೆ ಕೇಳಿಬಿಟ್ಟ.

ಎಲ್ಲರೂ ನಕ್ಕರು. "ನಾನೂ ಮೊದಲ ದಿನ ಇದನ್ನೇ ಕೇಳಿದ್ದೆ ಕಣಣ್ಣ," ಎಂದ ಕಂಡಕ್ಟರು. "ಈ ಬಸ್ಸು ಲೇಟೇ. ಆದ್ರೆ ಬರದೆ ಇರಲ್ಲ."

ಎರಡನೆಯ ಮಗ್ಗುಲೂ ಮುಗಿಯಿತು. ಎರಡನೆಯ ರೆಕಾರ್ಡು ಬಂತು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಒಂದು ಗಂಟೆ ದಾಟಿ ನಾಲ್ಕು ನಿಮಿಷಕ್ಕೆ, ಯಾರೋ ಬಾಗಿಲು ತಟ್ಟಿದಂತೆ, ತಬಲಾ ಬಿತ್ತು.

ಸ್ಪ್ಯಾನರ್ ಹಿಡಿದು ಎದ್ದು ನಿಂತ. ಹಿಂದಿನ ಬಾಗಿಲು ಅಲುಗಲಿಲ್ಲ. ಕಾಯ್ದ. ನಡೆದುಹೋಗಿ ಒದ್ದ. ಚಿಲಕ ಕಿತ್ತು ಬಂತು. ಆಚೆ ಒಂದು ಬಚ್ಚಲು, ತಂತಿಯ ಮೇಲೆ ಒಣಗುವ ಎರಡು ಟವೆಲ್, ನಾಲ್ಕೂ ಕಡೆ ಗೋಡೆ. ಅಲ್ಲಿಂದ ಬೆಕ್ಕೂ ಒಳಗೆ ಬರುವಂತಿರಲಿಲ್ಲ.

"ಎಲ್ಲಿ ಬಚ್ಚಿಟ್ಟಿದೀರೋ ಅವನನ್ನ?"

ಮೊದಲ ಏಟಿಗೆ ರೆಕಾರ್ಡು ಚೂರಾಯಿತು. ಎರಡನೆಯದು ಪೆಟ್ಟಿಗೆಗೆ. ಅಡ್ಡ ಬಂದ ಗಡಿಯಾರದವರ ಹೆಗಲಿಗೆ ಮೂರನೆಯದು. ಮೂಳೆ ಮುರಿದ ಸದ್ದು ಕೋಣೆಗೆಲ್ಲ ಕೇಳಿಸಿತು. ನಾಲ್ಕನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಕಂಡಕ್ಟರು ಹಿಂದಿನಿಂದ ಅವನ ಸೊಂಟ ಹಿಡಿದು ಉರುಳಿಸಿದ. ಡಾಕ್ಟರು ಮಣಿಕಟ್ಟನ್ನು ನೆಲಕ್ಕೊತ್ತಿ ಸ್ಪ್ಯಾನರ್ ಕಿತ್ತುಕೊಂಡರು. ನರ್ಸಮ್ಮ ಅವನ ಕಾಲುಗಳ ಮೇಲೆ ಕೂತೇ ಪೊಲೀಸರಿಗೂ ಆಂಬುಲೆನ್ಸಿಗೂ ಫೋನ್ ಮಾಡಿದಳು.

ಟೀಚರಮ್ಮ ಗಂಡನ ಹೆಗಲಿಗೆ ಮಡಿಸಿದ ಸೀರೆ ಆನಿಸಿ ಕೂತಿದ್ದರು. "ನೋವಾಗ್ತಿದ್ಯಾ?"

"ಪರವಾಗಿಲ್ಲ," ಎಂದರು ಗಡಿಯಾರದವರು ಹಲ್ಲು ಕಚ್ಚಿ. "ಎಷ್ಟು ಹೊತ್ತಾಯ್ತು?"

"ಒಂದು ಗಂಟೆ ಹತ್ತು ನಿಮಿಷ."

"ಹಾಗಾದ್ರೆ ಸಾಕು."

ಪ್ಲಂಬರ್ ನೆಲದಿಂದಲೇ ಉಗಿದ. "ಯಾರನ್ನೇ ಮುಚ್ಚಿಡ್ತಿದೀಯ, ಮುದುಕಿ? ಅವನ ಹೆಸರು ಹೇಳು!"

"ಅಂಥವನು ಯಾರೂ ಇಲ್ಲಪ್ಪ. ಯಾವತ್ತೂ ಇರಲಿಲ್ಲ."

"ಸುಳ್ಳು! ನಮ್ಮಮ್ಮಾನೇ ಹೇಳಿದ್ದು."

ಟೀಚರಮ್ಮ ಅವನ ಕಣ್ಣಿಗೆ ಹತ್ತಿರವಿದ್ದ ಚೂರನ್ನು ಕೈಯಿಂದ ದೂರ ಸರಿಸಿದರು.

"ನಮಗೂ ಅವರೇ ಹೇಳಿದ್ದಪ್ಪ. ನೀವು ಬರೋಕೆ ಹತ್ತು ನಿಮಿಷ ಮುಂಚೆ ಫೋನ್ ಮಾಡಿ, 'ಇರೋದ್ರಲ್ಲೇ ಉದ್ದದ ಆಲಾಪ ಹಾಕಿ ತಾಯಿ, ನಾನೂ ನನ್ನ ಸೊಸೇನೂ ಈ ಊರು ಬಿಡೋಕೆ ಒಂದು ಗಂಟೆ ಬೇಕು' ಅಂದ್ರು."