ನಿಂತೇ ಕೊಟ್ಟ ಹೇಳಿಕೆ

“ಕೂತ್ಕೊಳಪ್ಪ,” ಎಂದರು ಮ್ಯಾಜಿಸ್ಟ್ರೇಟ್.

“ಬೇಡಮ್ಮ, ನಿಂತೇ ಹೇಳ್ತೀನಿ,” ಎಂದ ಬೀಗ ರಿಪೇರಿಯವನು. ಒಡವೆ ಅಂಗಡಿಯ ಕಳವು ತನ್ನದೇ ಎಂದು ಒಪ್ಪಿಕೊಳ್ಳಲು ಇನ್‌ಸ್ಪೆಕ್ಟರ್ ಅವನನ್ನು ಕರೆತಂದಿದ್ದ. ತಪ್ಪೊಪ್ಪಿಗೆ ಬರೆದುಕೊಳ್ಳುವಾಗ ಪೊಲೀಸರು ಹತ್ತಿರ ಸುಳಿಯಕೂಡದು. ಆಕೆ ಇನ್‌ಸ್ಪೆಕ್ಟರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದ್ದರು. ಕೆಲಸಕ್ಕೆ ಹೊಸಬರು.

ಅವನು ಗಿಳಿಪಾಠ ಒಪ್ಪಿಸತೊಡಗಿದ. “ಅಂಗಡಿ ಹಿಂದ್ಗಡೆಯಿಂದ ಬಂದೆ. ಕಬ್ಬಿಣದ ಸಲಾಕೆಯಿಂದ ಬೀಗ ಒಡೆದೆ. ಆಮೇಲೆ...”

“ತಡಿ. ಎಂಥ ಬೀಗವನ್ನಾದ್ರೂ ತೆಗೆಯೋನು ನೀನು. ಒಡೆದಿದ್ದು ಯಾಕೆ?”

ಅವನು ತಬ್ಬಿಬ್ಬಾದ. ಕಣ್ಣು ಬಾಗಿಲ ಕಡೆ ಹೋಯಿತು. “ಮೊದಲಿಂದ ಹೇಳ್ಲಾ ಅಮ್ಮಾ?”

ಆಕೆಯೂ ಅತ್ತ ನೋಡಿದರು. ಬಾಗಿಲಿನ ಕೆಳಸಂದಿಯಲ್ಲಿ ಎರಡು ಬೂಟುಗಳ ತುದಿ. ಎದ್ದು ಹೋಗಿ ಬಾಗಿಲು ತೆರೆದರು.

“ಗೇಟಿನಾಚೆ ಹೋಗಿ.”

ಇನ್‌ಸ್ಪೆಕ್ಟರ್ ನಕ್ಕ. “ಹೊರಗೆ ಬಿಸಿಲು, ಮೇಡಂ. ಇಲ್ಲೇ ಗೋಡೆ ಥರ ನಿಂತಿರ್ತೀನಿ ಬಿಡಿ.”

“ಗೋಡೆಗೆ ಬೂಟು ಇರಲ್ಲ. ಹೊರಡಿ.”

“ಹಿಂದಿನ ಸಾಹೇಬ್ರು ಇಷ್ಟೆಲ್ಲ ನೋಡ್ತಿರ್ಲಿಲ್ಲ.”

“ನಾನು ನೋಡ್ತೀನಿ.”

ಬೂಟಿನ ಸದ್ದು ಮೆಟ್ಟಿಲಿಳಿದು, ಅಂಗಳ ದಾಟಿ, ಗೇಟು ಕಿರುಗುಟ್ಟುವವರೆಗೂ ಆಕೆ ಹೊಸ್ತಿಲು ಬಿಟ್ಟು ಕದಲಲಿಲ್ಲ. ಆಮೇಲೆ ಒಳಗೆ ಬಂದು ಹೇಳಿದರು: “ನೋಡಪ್ಪ, ಒಪ್ಪಿಕೊಳ್ಳಲೇಬೇಕು ಅಂತೇನಿಲ್ಲ. ಒಪ್ಪಿಕೊಂಡ್ರೆ ಅದು ನಿನಗೇ ಮುಳುವಾಗಬಹುದು.”

“ಒಪ್ಪದಿದ್ರೆ ಮತ್ತೆ ಸ್ಟೇಷನ್ನಿಗೆ ತಾನೇ?”

“ಇಲ್ಲ. ಒಪ್ಪಿದ್ರೂ ಒಪ್ಪದಿದ್ರೂ ನಿನ್ನನ್ನ ಅವರ ಕೈಗೆ ಕೊಡಲ್ಲ. ಇಲ್ಲಿಂದ ಜೈಲಿಗೆ ಹೋಗ್ತೀಯ. ಅದನ್ನ ತೀರ್ಮಾನ ಮಾಡೋಳು ನಾನು, ಅವರಲ್ಲ.”

ಅವನು ಮತ್ತೊಮ್ಮೆ ಬಾಗಿಲ ಸಂದಿ ನೋಡಿದ. ಅಲ್ಲಿ ಬರೀ ಬಿಸಿಲಿತ್ತು.

“ಹಂಗಾದ್ರೆ... ಆ ಬೀಗ ನಾನು ಕಣ್ಣಲ್ಲೂ ನೋಡಿಲ್ಲಮ್ಮ. ಹೇಳ್ಕೊಟ್ಟಿದ್ದನ್ನ ಹೇಳ್ದೆ.”

“ಸರಿ, ಇದನ್ನೇ ಬರೀತೀನಿ. ಈಗಲಾದ್ರೂ ಕೂತ್ಕೊ.”

ಅವನು ತಲೆ ತಗ್ಗಿಸಿದ. “ಕೂರೋಕೆ ಆಗಲ್ಲಮ್ಮ.”

ಆಕೆ ಡಾಕ್ಟರಿಗೆ ಫೋನು ಮಾಡಿದರು. ಆಮೇಲೆ ತಮ್ಮ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಮೇಜಿನ ಮೇಲೆ ಬಾಗಿ, ನಿಂತೇ ಬರೆಯತೊಡಗಿದರು.