ನೀಲವ್ವನ ಮೊಣಕಾಲು

ಬೆಳಿಗ್ಗೆ ಹನ್ನೊಂದಕ್ಕೆ ನೀಲವ್ವ ಎರಡು ಕೊಡ ನೀರು ಹೊತ್ತು ಗುಡ್ಡ ಹತ್ತತೊಡಗಿದಳು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ನಿಖಿಲೇಶ ಮಂತ್ರಿಗಳ ಮುಂದೆ ತನ್ನ ವರ್ಷದ ವರದಿ ಓದಲು ನಿಂತಿದ್ದ.

ಸರಕಾರದ ನಾಯಕತ್ವ ಫೆಲೋಶಿಪ್‌ಗೆ ಸೇರಿದವರ ಮೈಗೆ ಮೊದಲ ದಿನವೇ ಅವರ ಉಸ್ತುವಾರಿಗೆ ಕೊಟ್ಟ ಊರಿನ ಒಬ್ಬರ ನೋವನ್ನು ಜೋಡಿಸುತ್ತಾರೆ. ವರ್ಷವಿಡೀ ಅವರಿಗೆ ನೋವಾದರೆ ಇವರಿಗೂ ನೋವು. ನಿಖಿಲೇಶನ ಪಾಲಿಗೆ ಬಂದದ್ದು ನೀಲವ್ವ. ಒಂಬತ್ತು ಮನೆಗಾಗಿ ಗುಡ್ಡಕ್ಕೆ ನೀರೇರಿಸುವುದು ದಂಡವೆಂದು ಅವನು ನಲ್ಲಿ ನಿಲ್ಲಿಸಿದ. ನೀಲವ್ವನ ಮನೆಗೆ ಮಾತ್ರ ಟ್ಯಾಂಕರ್ ಗೊತ್ತುಮಾಡಿದ. ಉಳಿದ ಎಂಟು ಮನೆಯವರು ಅವಳೊಂದಿಗೆ ಮಾತು ಬಿಟ್ಟರು.

ವಾಟರ್‌ಮ್ಯಾನ್ ಫಕೀರಪ್ಪ ಓಡಿಬಂದು ಜೊತೆಗೆ ಹೆಜ್ಜೆ ಹಾಕಿದ.

“ನೀಲಕ್ಕಾ, ಸಾಹೇಬ್ರು ಫೋನ್ ಮಾಡಿದ್ರು. ಇವತ್ತೊಂದಿನ ಸುಮ್ಮನ ಕುಂದ್ರಬೇಕಂತ.”

“ಗೊತ್ತೈತಿ. ಅದಕ್ಕ ಎರಡು ಕೊಡ.”

“ನಿಮ್ಮ ಮೊಣಕಾಲು ಹೋಗತಾವ ನೋಡ್ರಿ.”

“ನನ್ನವು ಹೋಗಿ ಇಪ್ಪತ್ತು ವರ್ಷ ಆತು. ಅವರವು ಇನ್ನೂ ಹೊಸವು.”

ಮೂರನೇ ತಿರುವಿನಲ್ಲಿ ಫಕೀರಪ್ಪನಿಗೆ ಮತ್ತೆ ಫೋನ್ ಬಂತು. ಸಾಹೇಬರು ಮೊಣಕಾಲು ಹಿಡಿದುಕೊಂಡು ಮಂತ್ರಿಗಳ ಮುಂದೆಯೇ ಕುಸಿದಿದ್ದರು.

ಸಂಜೆ ನಾಲ್ಕಕ್ಕೆ ಗುಡ್ಡದ ಒಂಬತ್ತೂ ಮನೆಯ ನಲ್ಲಿಗಳಿಗೆ ನೀರು ಬಂತು. ನೀಲವ್ವ ಖಾಲಿ ಕೊಡಗಳನ್ನು ಎತ್ತಿಕೊಂಡು ಮತ್ತೆ ಕೆಳಗಿಳಿದಳು. ಫೆಲೋಶಿಪ್ ಮುಗಿಯಲು ಇನ್ನೂ ಹನ್ನೊಂದು ದಿನವಿತ್ತು.